ಇನ್ನೊಂದು ಸುತ್ತು

ಫೋರ್‌ಮನ್ನರು ಮುಚ್ಚಿಟ್ಟ ಸಕ್ಕರೆ ಡಬ್ಬಿ ತೆಗೆಯಬೇಕಾದರೆ ಪೈಲ್ವಾನನನ್ನೇ ಕರೆಸಬೇಕು ಎಂದು ಅವರ ಹೆಂಡತಿ ಮದುವೆಯಾದಂದಿನಿಂದ ಹೇಳಿಕೊಂಡು ಬಂದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ನಿಲ್ಲಿಸಿದ ನಲ್ಲಿಯನ್ನು ಮತ್ತೆ ಬಿಡಬೇಕಾದರೆ ಟವೆಲ್ಲು ಸುತ್ತಿ ತಿರುಗಿಸಬೇಕು. ಅವರು ಗಂಟು ಹಾಕಿದ ಮೂಟೆಯನ್ನು ಬಿಚ್ಚುವ ಬದಲು ಕತ್ತರಿಸುವುದೇ ವಾಸಿ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದ ಮನುಷ್ಯ. ಕೆಲಸದವರು ಚಕ್ರದ ನಟ್ಟು ಬಿಗಿದು ಕೈ ಒರೆಸಿಕೊಂಡು ಎದ್ದ ಮೇಲೆ ಇವರು ಹಿಂದಿನಿಂದ ಬಂದು ಸ್ಪ್ಯಾನರ್ ಹಾಕಿ, "ಇನ್ನೊಂದು ಸುತ್ತು" ಎಂದು ಉಸಿರು ಬಿಗಿಹಿಡಿದು ಎಳೆಯುತ್ತಿದ್ದರು. ಅವರ ಕಾಲದಲ್ಲಿ ಆ ಡಿಪೋದ ಒಂದು ಬಸ್ಸಿನ ಚಕ್ರವೂ ದಾರಿಯಲ್ಲಿ ಕಳಚಿಕೊಂಡದ್ದಿಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ "ಇನ್ನೊಂದ್ಸುತ್ತು" ಎಂದು. ಅದು ಕಿವಿಗೆ ಬಿದ್ದಾಗ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಬಿರುದು ಕೊಟ್ಟ ಹಾಗೆ ಒಳಗೊಳಗೇ ಹಿಗ್ಗಿದರು.

ಇಂಥವರು ಆ ಚಳಿಗಾಲದಲ್ಲಿ ಮಗಳ ಮನೆಗೆ ಬಂದಿಳಿದರು. ಮೊಮ್ಮಗಳು ಅಂಬೆಗಾಲಿಡಲು ಶುರುಮಾಡಿದ್ದಳು, ನೋಡದೆ ಇರಲಾಗಲಿಲ್ಲ. ಹೆಂಡತಿಗೆ ಮಂಡಿನೋವು, ಅವರು ಊರಲ್ಲೇ ಉಳಿದರು.

ಮಗಳ ಊರಿನ ಚಳಿ ಅಂದರೆ ಎಲುಬಿಗೆ ಇಳಿಯುವ ಚಳಿ. ಹಜಾರದ ಗೋಡೆಗೆ ಒತ್ತಿಕೊಂಡು ಕರೀ ಕಬ್ಬಿಣದ ಒಂದು ಸೌದೆ ಒಲೆ ಇತ್ತು. ಅಡುಗೆಯ ಒಲೆಯಲ್ಲ, ಮನೆ ಬೆಚ್ಚಗಿಡುವ ಒಲೆ. ಮುಂದೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಗಾಜು, ಗಾಜಿನ ಹಿಂದೆ ಬೆಂಕಿ. ಆ ಬೆಂಕಿಯ ಯಜಮಾನಿಕೆ ಬೀಗಿತ್ತಿಯದು, ಅಂದರೆ ಅಳಿಯನ ತಾಯಿಯದು. ಆಕೆ ಗಂಡ ಸತ್ತ ಮೇಲೆ ಒಂದು ಬೇಕರಿಯಲ್ಲಿ ಬ್ರೆಡ್ಡಿನ ಒಲೆ ನೋಡಿಕೊಂಡು ಮಗನನ್ನೂ ಮಗಳನ್ನೂ ಓದಿಸಿದವರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬೂದಿ ತೆಗೆದು, ಚಕ್ಕೆ ಜೋಡಿಸಿ, ಒಂದೇ ಕಡ್ಡಿಯಲ್ಲಿ ಹಚ್ಚಿಬಿಡುತ್ತಿದ್ದರು. ಎರಡನೇ ಕಡ್ಡಿ ಗೀರಿದರೆ ಅವತ್ತೆಲ್ಲ ಮುಖ ಸಿಂಡರಿಸಿಕೊಂಡಿರುವರು. ಒಲೆಯ ಪಕ್ಕದಲ್ಲಿ ಅವರದೊಂದು ಕುರ್ಚಿ, ತೊಡೆಯ ಮೇಲೆ ಮಗು. ಆ ಮನೆಯಲ್ಲಿ ಅವರ ಜಾಗ ಯಾವುದು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಗಾಜು ಮಾತ್ರ ಹಳೆಯದು, ಅಡ್ಡಕ್ಕೆ ಸೀಳು ಬಿಟ್ಟಿತ್ತು. ಸಂದಿಯಿಂದ ಹೊಗೆ ಬಂದು ಮಗು ಕೆಮ್ಮುತ್ತಿತ್ತು.

"ಯಾರನ್ನಾದ್ರೂ ಕರೆಸಿ ಹಾಕಿಸ್ಬೇಕು ಮಾವ," ಎಂದ ಅಳಿಯ. ಔಷಧಿ ಅಂಗಡಿ ಇಟ್ಟುಕೊಂಡವನು, ಮಾತ್ರೆ ಎಣಿಸಿ ಎಣಿಸಿ ಮಾತೂ ಮೆತ್ತಗಾಗಿದ್ದವನು.

"ಯಾರನ್ನಾದ್ರೂನಾ? ನಾನೇನು ಗೋಡೆಗೆ ನೇತುಹಾಕಿರೋ ಫೋಟೋನಾ?" ಎಂದು ಫೋರ್‌ಮನ್ನರು ಅಂಗಿಯ ತೋಳು ಮಡಿಸಿಯೇಬಿಟ್ಟರು.

ಮಗಳು ಗಂಡನ ಕಡೆ ನೋಡಿದ ನೋಟದಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ನೋಡಿದ್ಯಾ? ನಮ್ಮಪ್ಪ ಮುಟ್ಟಿದ್ದು ಯಾವತ್ತೂ ಕಳಚಿಕೊಂಡಿಲ್ಲ."

ಒಲೆ ಸಾಮಾನಿನ ಅಂಗಡಿಯಲ್ಲಿ ಆ ಅಳತೆಯ ಗಾಜು ಒಂದೇ ಒಂದಿತ್ತು. ಕಿಟಕಿಗೆ ಹಾಕುವ ಗಾಜಲ್ಲ, ಬೆಂಕಿಯ ಮುಂದೆ ನಿಲ್ಲುವ ಗಾಜು. ಜೊತೆಗೆ ಗಾಜಿನ ಅಂಚಿಗೆ ಅಂಟಿಸುವ, ಬೆಂಕಿಗೆ ಸುಡದ ಬಿಳಿ ನಾರಿನ ಪಟ್ಟಿ. ಅಂಗಡಿಯವನು ಗಾಜನ್ನು ಕಾಗದದಲ್ಲಿ ಸುತ್ತುತ್ತ, "ಸ್ಕ್ರೂ ಮಾತ್ರ ಬೆರಳಲ್ಲಿ ತಿರುಗಿಸಿ, ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಬಿಟ್ಬಿಡಿ ಸಾರ್. ಕಾದಾಗ ಕಬ್ಬಿಣ ಹಿಗ್ಗುತ್ತೆ, ಈ ಗಾಜು ಹಿಗ್ಗಲ್ಲ. ಬಿಗಿ ಆದ್ರೆ ಕಷ್ಟ," ಎಂದ. ಫೋರ್‌ಮನ್ನರು ಆಯ್ತಪ್ಪಾ ಆಯ್ತು ಎಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ದಾರಿಯುದ್ದಕ್ಕೂ ಅಳಿಯನೊಂದಿಗೆ, "ಅಜ್ಜಿಗೇ ಕೆಮ್ಮು ಕಲಿಸೋಕೆ ಬರ್ತಾನೆ. ಬೆರಳಲ್ಲಿ ತಿರುಗಿಸ್ಬೇಕಂತೆ, ಇದೇನು ಗಡಿಯಾರದ ಕೀಲಿನಾ?" ಎಂದು ನಕ್ಕರು.

ಕೆಲಸ ನೋಡಲು ಚೆನ್ನಾಗಿಯೇ ನಡೆಯಿತು. ಬಾಗಿಲನ್ನು ಕೀಲಿನಿಂದ ಎತ್ತಿ ತಂದು ಊಟದ ಮೇಜಿನ ಮೇಲೆ ಹಳೇ ಕಂಬಳಿ ಹಾಸಿ ಮಲಗಿಸಿದರು. ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಕಾದು, ಒಂದೂ ಮುರಿಯದಂತೆ ಬಿಚ್ಚಿದರು. ಹಳೇ ಪಟ್ಟಿಯ ಅಂಟನ್ನು ಹೆರೆದು, ಹೊಸ ಪಟ್ಟಿಯನ್ನು ಗಾಜಿನ ಅಂಚಿಗೆ ಕೂಡಿಸಿ, ಗಾಜನ್ನು ಚೌಕಟ್ಟಿನಲ್ಲಿಟ್ಟು, ನಾಲ್ಕು ಮೂಲೆಗೂ ಕಬ್ಬಿಣದ ಕ್ಲಿಪ್ಪು ಇಟ್ಟು ಸ್ಕ್ರೂ ಹಾಕಿದರು. ಮಗಳು, ಅಳಿಯ ಅಡುಗೆಮನೆಯಲ್ಲಿದ್ದರು. ಬೀಗಿತ್ತಿ ಮಾತ್ರ ತಣ್ಣಗಿದ್ದ ಒಲೆಯ ಪಕ್ಕ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತು ಇವರ ಕೈಯನ್ನೇ ನೋಡುತ್ತಿದ್ದರು. ಮಗು ನಿದ್ದೆಹೋಗಿತ್ತು, ಮನೆ ನಿಶ್ಶಬ್ದವಾಗಿತ್ತು.

ಸ್ಕ್ರೂ ಬೆರಳಿಗೆ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋದೀತೇ? ಫೋರ್‌ಮನ್ನರು ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕನ್ನೂ ಬಿಗಿದರು. ಎಡಗಡೆ ಕೆಳಗಿನ ಮೂಲೆಗೆ ಬಂದಾಗ ಅಭ್ಯಾಸದಂತೆ, "ಇನ್ನೊಂದು ಸುತ್ತು" ಎಂದು ತಮಗೆ ತಾವೇ ಹೇಳಿಕೊಂಡು ಉಸಿರು ಹಿಡಿದು ತಿರುಗಿಸಿದರು.

ಟಿಕ್ ಎಂದಿತು.

ಉಗುರು ಕತ್ತರಿಸಿದಷ್ಟೇ ಸದ್ದು. ಫೋರ್‌ಮನ್ನರ ಕೈ ನಿಂತಿತು. ಬಗ್ಗಿ ನೋಡಿದರು. ಗಾಜು ಸ್ವಚ್ಛವಾಗಿತ್ತು, ಮೂಲೆ ಕ್ಲಿಪ್ಪಿನ ಅಡಿಯಲ್ಲಿತ್ತು. "ಹಾಂ, ಕೂತ್ಕೊಂಡ್ತು," ಎಂದರು, ಯಾರೂ ಕೇಳಿರದಿದ್ದರೂ. ತಲೆ ಎತ್ತಿದಾಗ ಬೀಗಿತ್ತಿ ತಮ್ಮನ್ನೇ ನೋಡುತ್ತಿದ್ದರು. ಆಮೇಲೆ ಅವರು ಮಗುವಿನ ಜಾರಿದ ಕಾಲುಚೀಲವನ್ನು ಸರಿಮಾಡಿದರು.

ಆಗಲೇ ಫೋರ್‌ಮನ್ನರಿಗೆ ಗೊತ್ತಾಗಿತ್ತೇ? ಕೇಳಿದ್ದರೆ ಇಲ್ಲವೇ ಇಲ್ಲ ಎನ್ನುತ್ತಿದ್ದರು. ಆದರೆ ಗೇಟಿನೊಳಗೆ ಬರುವ ಬಸ್ಸಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ಕಿವಿ ಅದು. ಆ ಕಿವಿಗೆ ಒಂದು ಟಿಕ್ ಗೊತ್ತಾಗಲಿಲ್ಲ ಅಂದರೆ ನಂಬುವವರು ಯಾರು?

ಸಂಜೆ ಬಾಗಿಲು ಕೂಡಿಸಿದ ಮೇಲೆ ಬೀಗಿತ್ತಿ ಬೆಂಕಿ ಹಚ್ಚಲು ಕೂತರು. ಕೂರುವ ಮುಂಚೆ, "ಮಗೂನ ಒಳಗೆ ಕರ್ಕೊಂಡು ಹೋಗಮ್ಮ," ಎಂದು ಸೊಸೆಗೆ ಹೇಳಿದರು. ಯಾಕೆ ಎಂದು ಅವಳು ಕೇಳಲಿಲ್ಲ, ಮಗುವನ್ನು ಕೋಣೆಯಲ್ಲಿ ಬಿಟ್ಟು ಬಂದಳು. ಒಂದೇ ಕಡ್ಡಿಗೆ ಬೆಂಕಿ ಹತ್ತಿತು. ಹೊಸ ಗಾಜಿನ ಹಿಂದೆ ಉರಿ ಎಷ್ಟು ಚೆಂದ ಕಾಣುತ್ತಿತ್ತೆಂದರೆ ಅಳಿಯ ಚಪ್ಪಾಳೆ ತಟ್ಟಿದ. ಫೋರ್‌ಮನ್ನರು ಸೋಫಾದಲ್ಲಿ ಕಾಲು ಚಾಚಿ ಕೂತರು. ಸ್ವಲ್ಪ ಹೊತ್ತಿಗೆ ಬೀಗಿತ್ತಿ ಇನ್ನೊಂದು ಸೌದೆ ಒಳಗಿಟ್ಟು ಎರಡೂ ಕೈಯಲ್ಲಿ ಬಾಗಿಲು ಮುಚ್ಚಿದರು. ಅವರು ತಮ್ಮ ಕುರ್ಚಿಗೆ ಮರಳಿ ಕೂತಿರಲಿಲ್ಲ, ಫಟ್ ಎಂದು ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಒಂದು ಚೂರು ಒಲೆಯ ಮುಂದಿನ ಕಲ್ಲಿನ ಮೇಲೆ ಬಿತ್ತು, ಜೊತೆಗೆ ಒಂದು ಕೆಂಡವೂ ಉರುಳಿತು. ಮಗಳು ಕಿಟಾರನೆ ಕಿರುಚಿದಳು. ಅಳಿಯ ಓಡಿಹೋಗಿ ಬಕೆಟ್ಟಿನ ಬೂದಿಯನ್ನು ಕೆಂಡದ ಮೇಲೆ ಸುರಿದ.

ಎಲ್ಲರೂ ಫೋರ್‌ಮನ್ನರ ಕಡೆ ನೋಡಿದರು. ಬೇರೆ ಯಾರ ಕಡೆ ನೋಡಬೇಕು? ಹಾಕಿದವರು ಅವರೇ. ಆ ನೋಟ ಅವರಿಗೆ ತಡೆಯಲಾಗಲಿಲ್ಲ. ಬುದ್ಧಿ ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ನಾಲಿಗೆ ಬೀದಿಗೆ ಹೋಗಿ ಬಂದಾಗಿತ್ತು.

"ಬಾಗಿಲು ಬಡಿದ್ರು ಅನ್ಸುತ್ತೆ. ಹಾಕೋವಾಗ ನೆಟ್ಟಗಿತ್ತಲ್ಲ."

ಬೀಗಿತ್ತಿ ತಿರುಗಿ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಮಗಳು ಶುರುಮಾಡಿದಳು. "ಅತ್ತೆ, ಎಷ್ಟು ಸಲ ಹೇಳಿಲ್ಲ ನಾನು, ಮೆಲ್ಲಗೆ ಹಾಕಿ ಅಂತ! ಇದೇನು ಬೇಕರಿ ಒಲೆನಾ, ಕಾಲಲ್ಲಿ ಒದ್ದು ಮುಚ್ಚೋಕೆ? ಮಗು ಇಲ್ಲೇ ಇದ್ದಿದ್ರೆ? ಆ ಕೆಂಡ ಮಗು ಮೇಲೆ ಬಿದ್ದಿದ್ರೆ?"

ಕೈತುಂಬ ತಟ್ಟೆ ಇದ್ದಾಗ ಬೇಕರಿಯ ಒಲೆಯ ಬಾಗಿಲನ್ನು ಕಾಲಲ್ಲೇ ಒದ್ದು ಮುಚ್ಚುತ್ತಿದ್ದೆ ಎಂದು ಬೀಗಿತ್ತಿಯೇ ಒಂದು ದಿನ ನಗುತ್ತ ಹೇಳಿದ್ದರು. ಎಲ್ಲರೂ ನಕ್ಕಿದ್ದ ಕಥೆ ಅದು. ಈಗ ಅದನ್ನೇ ಸೊಸೆ ಅವರ ಮುಖಕ್ಕೆ ಎತ್ತಿ ಒಗೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವತ್ತು ಆ ಹಜಾರದಲ್ಲಿ ಮಾತೂ ಆಡಿಯಾಗಿತ್ತು, ಗಾಜೂ ಒಡೆದಾಗಿತ್ತು.

ಬೀಗಿತ್ತಿ ಮೈಮೇಲೆ ಸಿಡಿದಿದ್ದ ಬೂದಿ ಕೊಡವಿಕೊಂಡರು. ಆಮೇಲೆ, "ಇದ್ರೂ ಇರಬಹುದಮ್ಮ," ಎಂದು ಹೇಳಿ ಪೊರಕೆ ತರಲು ಎದ್ದರು.

"ನೀವು ಬಿಡಿ ಅತ್ತೆ, ನಾನು ಗುಡಿಸ್ತೀನಿ. ಇನ್ಮೇಲೆ ಒಲೆ ನಾನೇ ನೋಡ್ಕೋತೀನಿ."

ಮರುದಿನ ಬೆಳಿಗ್ಗೆ ಫೋರ್‌ಮನ್ನರು ಬಾಗಿಲನ್ನು ಬಿಚ್ಚಿ ಮತ್ತೆ ಕಂಬಳಿಯ ಮೇಲೆ ಮಲಗಿಸಿದರು. ಡಿಪೋದಲ್ಲಿ ಅವರದೊಂದು ಪಾಠವಿತ್ತು. ಮುರಿದದ್ದನ್ನು ಎಸೆಯಬೇಡ್ರೋ, ಮೊದಲು ಓದ್ರೋ, ಎಲ್ಲಿಂದ ಶುರುವಾಯ್ತು ಅಂತ ಅದೇ ಹೇಳುತ್ತೆ ಎಂದು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದರು. ಈಗ ತಾವೇ ಓದಿದರು. ಓದುವುದಕ್ಕೆ ಕನ್ನಡಕವೂ ಬೇಕಾಗಲಿಲ್ಲ. ಸೀಳುಗಳೆಲ್ಲ ಎಡಗಡೆ ಕೆಳಗಿನ ಮೂಲೆಯಿಂದ ಹೊರಟಿದ್ದವು. ಆ ಕ್ಲಿಪ್ಪಿನಡಿಯ ಬಿಳಿ ಪಟ್ಟಿ ಅಪ್ಪಚ್ಚಿಯಾಗಿ ಕಾಗದದ ಹಾಗಾಗಿತ್ತು. ಬಾಗಿಲು ಬಡಿದು ಒಡೆದಿದ್ದರೆ ಹೀಗೆ ಒಡೆಯುತ್ತಿರಲಿಲ್ಲ.

ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ಮಾಡಿದ ಕೆಲಸವೇನು ಗೊತ್ತೇ? ಚೂರುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ, ಮನೆಯ ಕಸದ ಡಬ್ಬಿಗೆ ಹಾಕದೆ, ಸ್ವೆಟರು ಏರಿಸಿಕೊಂಡು ಬೀದಿಯ ಆ ತುದಿಯ ತೊಟ್ಟಿಯವರೆಗೆ ನಡೆದುಹೋಗಿ ಎಸೆದು ಬಂದರು. ಆ ಮನೆಯಲ್ಲಿ ಇನ್ನಾರೂ ಗಾಜಿನ ಚೂರನ್ನು ಓದಬಲ್ಲವರಿರಲಿಲ್ಲ. ಆದರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳನಿಗೆ ಧೈರ್ಯ ಎಲ್ಲಿಂದ ಬರಬೇಕು? ಬರುವಾಗ ದಾರಿಯಲ್ಲಿ ಅವರಿಗೆ ಅವರ ಮೇಲೇ ಹೇಸಿಗೆಯಾಯಿತು.

ಗಾಜು ಮತ್ತೆ ತರಿಸಬೇಕಾಯಿತು. ಬರಲು ಒಂದು ವಾರದ ಮೇಲೇ ಹಿಡಿಯಿತು. ಅಷ್ಟು ದಿನವೂ ಒಂದು ಕರೆಂಟಿನ ಹೀಟರು ಹಜಾರದ ನಡುವೆ ಕೂತು, ಎದುರಿಗಿದ್ದವರ ಮೊಣಕಾಲು ಸುಟ್ಟು ಬೆನ್ನು ಹೆಪ್ಪುಗಟ್ಟಿಸುವ ಕೆಲಸ ಮಾಡಿತು. ಬೀಗಿತ್ತಿಯ ಕುರ್ಚಿ ಒಂದು ದಿನ ಒಲೆಯ ಪಕ್ಕದಿಂದ ಕಾಣೆಯಾಯಿತು. ಯಾರೂ ತೆಗೆಯಿರಿ ಎಂದಿರಲಿಲ್ಲ, ಅವರೇ ತಮ್ಮ ಕೋಣೆಗೆ ಎಳೆದುಕೊಂಡು ಹೋಗಿದ್ದರು. ಮಗುವನ್ನು ಅವರ ಕೈಗೆ ಕೊಡುವಾಗ ಮಗಳು ಈಗ ಅಲ್ಲೇ ನಿಂತಿರುತ್ತಿದ್ದಳು, ಒಬ್ಬರನ್ನೇ ಬಿಟ್ಟು ಹೋಗುತ್ತಿರಲಿಲ್ಲ. ಅದನ್ನು ಬೀಗಿತ್ತಿಯೂ ಗಮನಿಸಿದರು, ಫೋರ್‌ಮನ್ನರೂ ಗಮನಿಸಿದರು. ಅಂದಿನಿಂದ ಫೋರ್‌ಮನ್ನರು ತಲೆ ಎತ್ತದೆ ತಟ್ಟೆ ನೋಡಿಕೊಂಡು ಉಣ್ಣಲು ಕಲಿತರು.

ಒಂದು ದಿನ ತಾವೇ ಚಹಾ ಮಾಡಿಕೊಂಡು ಬೀಗಿತ್ತಿಯ ಕೋಣೆಗೆ ಹೋದರು. ಆಕೆ ಶಾಲು ಹೊದ್ದು ಕಿಟಕಿಯ ಪಕ್ಕ ಕೂತಿದ್ದರು.

"ಇಲ್ಲಿ ಚಳಿ ಅಲ್ವಾ ಬೀಗಿತ್ತಿಯವರೇ?"

"ಅಭ್ಯಾಸ ಆಗುತ್ತೆ ಬೀಗರೇ."

ನಿಜ ಹೇಳಬೇಕೆಂದೇ ಹೋದವರು. ಆದರೆ ಬಾಯಿಂದ ಬಂದದ್ದು, "ಸಕ್ಕರೆ ಸಾಕಾ ನೋಡಿ" ಎಂದು. ಆಕೆ ಒಂದು ಗುಟುಕು ಕುಡಿದು, "ಹದವಾಗಿದೆ," ಎಂದರು. ಇಷ್ಟೇ ಆಯಿತು.

ಅವತ್ತೇ ಊರಿನಿಂದ ಹೆಂಡತಿಯ ಫೋನು. "ಏನ್ರೀ, ಬೀಗಿತ್ತಿ ಹೊಸ ಗಾಜು ಒಡೆದುಹಾಕಿದ್ರಂತೆ? ಮಗಳು ಹೇಳಿದ್ಲು. ಪಾಪ, ನಿಮ್ಮ ಕೆಲಸವೆಲ್ಲ ನೀರು ಪಾಲಾಯ್ತಲ್ರೀ."

"ಹೂಂ," ಎಂದರು ಫೋರ್‌ಮನ್ನರು. ಇಡೀ ಸುಳ್ಳಿಗಿಂತ ಆ ಒಂದು ಹೂಂ ಅವರನ್ನು ಹೆಚ್ಚು ಸುಟ್ಟಿತು. ಮೊದಲಿನದು ನಾಲಿಗೆ ಜಾರಿ ಆದದ್ದು ಎಂದಾದರೂ ಹೇಳಿಕೊಳ್ಳಬಹುದಿತ್ತು.

ಹೊಸ ಗಾಜು ಬಂದಾಗ ಹಾಕಿದವರು ಇವರೇ. ಈ ಸಲ ಸ್ಕ್ರೂಡ್ರೈವರನ್ನು ಮುಟ್ಟಲೇ ಇಲ್ಲ. ಪಟ್ಟಿ ಕೂಡಿಸಿ, ಕ್ಲಿಪ್ಪು ಇಟ್ಟು, ಬೆರಳಲ್ಲಿ ತಿರುಗಿಸಿ, ನಿಂತಲ್ಲಿಗೆ ಬಿಟ್ಟರು. ಕೈ ಸ್ಕ್ರೂಡ್ರೈವರಿನ ಕಡೆ ಹೊರಟಿತು, ಹಿಂದಕ್ಕೆ ಎಳೆದುಕೊಂಡರು. ಅಂಗಡಿಯವನು ಹೇಳಿದ್ದು ಇಷ್ಟೇ ತಾನೇ, ಎಷ್ಟು ಸುಲಭವಿತ್ತು ಎಂದುಕೊಂಡು ಮುಖ ಕಿವುಚಿದರು.

ಬೆಂಕಿ ಹಚ್ಚಿದ್ದು ಮಗಳು. ಕಡ್ಡಿಯ ಮೇಲೆ ಕಡ್ಡಿ ಗೀರಿದಳು, ಪೇಪರಿನ ಮೇಲೆ ಪೇಪರು ತುರುಕಿದಳು. ಮನೆಯೆಲ್ಲ ಹೊಗೆ. ಬೀಗಿತ್ತಿ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಲೆಯ ಅಡಿಯ ಗಾಳಿಕಿಂಡಿ ಮುಚ್ಚಿಯೇ ಇತ್ತು. ಅವರ ಕಣ್ಣು ಅದರ ಮೇಲಿತ್ತು, ಕೈಬೆರಳು ಶಾಲಿನ ಅಂಚಿನಲ್ಲಿ ಕಿಂಡಿ ಎಳೆಯುವ ಹಾಗೆ ಆಡುತ್ತಿತ್ತು, ಆದರೂ ಹೊಸ್ತಿಲು ದಾಟಿ ಬರಲಿಲ್ಲ. ಕೊನೆಗೆ ಅಳಿಯನೇ ಕಿಂಡಿ ಎಳೆದ, ಉರಿ ಎದ್ದಿತು. ಗಾಜು ಕಾಯಿತು, ಕೆಂಪಾಗಿ ಬೆಳಗಿತು, ಏನೂ ಆಗಲಿಲ್ಲ.

"ನೋಡಿದ್ರಾ? ಬಾಗಿಲು ಮೆಲ್ಲಗೆ ಹಾಕಿದ್ರೆ ಆಯ್ತಪ್ಪ, ಏನೂ ಆಗಲ್ಲ," ಎಂದಳು ಮಗಳು. ಅಂದವಳು ಅತ್ತೆಯ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಆ ಸಂಜೆಯ ಊಟದ ಹೊತ್ತಿಗೆ ಅಳಿಯ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಅಕ್ಕ ಕರೀತಿದ್ದಾಳೆ. ಚಳಿ ಕಳೆಯೋವರೆಗೂ ಅವಳ ಮನೇಲಿ ಇದ್ದು ಬಾ. ಅಲ್ಲಿ ಒಲೆ ಗಿಲೆ ಅಂತ ತಾಪತ್ರಯ ಇಲ್ಲ. ನಿನಗೂ ಆರಾಮು."

ಬೀಗಿತ್ತಿಯ ಕೈ ತುತ್ತಿನ ಮೇಲೆ ನಿಂತಿತು. "ಯಾವಾಗ?"

"ನಾಳೆ ಅಂಗಡಿಗೆ ರಜೆ. ನಾನೇ ಬಿಟ್ಟು ಬರ್ತೀನಿ."

"ಆಗಲಿ," ಎಂದರು ಬೀಗಿತ್ತಿ. ಆಮೇಲೆ ಮಗುವಿನ ಬಾಯಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಫೋರ್‌ಮನ್ನರಿಗೆ ಇನ್ನು ನುಂಗಲಾಗಲಿಲ್ಲ. ತಮ್ಮ ಒಂದು ಸುಳ್ಳಿಗೆ ಒಬ್ಬ ಹೆಂಗಸು ಮಗನ ಮನೆಯಿಂದಲೇ ಎದ್ದು ಹೋಗುತ್ತಿದ್ದಾಳೆ. "ಅದು ಅವರ ತಪ್ಪಲ್ಲ," ಎಂದರು, ತಟ್ಟೆಗೆ ಹೇಳಿದಂತೆ. "ಗಾಜು ಒಡೆದದ್ದು ನನ್ನಿಂದ. ನಾನೇ ಹೆಚ್ಚು ಬಿಗಿದುಬಿಟ್ಟೆ."

ಮಗಳು ನಕ್ಕಳು. ಪ್ರೀತಿ ತುಂಬಿದ ನಗು.

"ಅಪ್ಪಾ, ನೀನಾ? ಅತ್ತೆಗೆ ಬೇಜಾರಾಗ್ಬಾರ್ದು ಅಂತ ತಪ್ಪು ತಲೆ ಮೇಲೆ ಎಳ್ಕೊತಿದ್ದೀಯಲ್ಲ! ನಿನ್ನ ಕೈ ಕೆಲಸ ನನಗೆ ಗೊತ್ತಿಲ್ವಾ?"

"ನಿಮ್ಮದು ದೊಡ್ಡ ಮನಸ್ಸು ಮಾವ," ಎಂದ ಅಳಿಯ. ಅವನ ಕಣ್ಣಲ್ಲಿ ನಿಜವಾಗಿಯೂ ಗೌರವವಿತ್ತು.

ಅಲ್ಲ, ನಿಜವಾಗಿಯೂ ನಾನೇ, ಎಂದು ಮೇಜು ಕುಟ್ಟಿ ಹೇಳಬೇಕಾಗಿತ್ತು. ಬಾಯಿ ತೆರೆದರು ಕೂಡ. ಆದರೆ ಮಗಳು ಹಾಗೆ ನೋಡುತ್ತಿದ್ದಾಳೆ, ಅಳಿಯ ಹೀಗೆ ಹೊಗಳುತ್ತಿದ್ದಾನೆ. ಫೋರ್‌ಮನ್ನರ ಮುಖದಲ್ಲಿ, ಅವರಿಗೇ ತಿಳಿಯದಂತೆ, ಒಂದು ಸಣ್ಣ ನಗು ಮೂಡಿತು. ದೊಡ್ಡವರು ನಗುವ ನಗು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ನಗು. ಬೀಗಿತ್ತಿ ಆ ನಗುವನ್ನು ನೋಡಿದರು, ತಟ್ಟೆ ಎತ್ತಿಕೊಂಡು ಎದ್ದುಹೋದರು.

ಹಾಸಿಗೆಯಲ್ಲಿ ಮಲಗಿದಾಗ ಆ ನಗು ಫೋರ್‌ಮನ್ನರ ಮುಖಕ್ಕೆ ಮೆತ್ತಿಕೊಂಡ ಗ್ರೀಸಿನ ಹಾಗೆ ಹೋಗಲೇ ಇಲ್ಲ. ಸುಳ್ಳು ಹೇಳಿದ್ದಾಯಿತು, ಕದ್ದು ಚೂರು ಎಸೆದದ್ದಾಯಿತು, ಈಗ ತಪ್ಪೊಪ್ಪಿಕೊಂಡದ್ದರಲ್ಲೂ ಹೊಗಳಿಕೆ ಗಿಟ್ಟಿಸಿಕೊಂಡದ್ದಾಯಿತು. ಥೂ, ಇದೂ ಒಂದು ಬಾಳೇ ಎನ್ನಿಸಿತು. ಭೂಮಿ ಬಾಯಿ ಬಿಟ್ಟಿದ್ದರೆ ಹಾಸಿಗೆಯ ಸಮೇತ ಒಳಗೆ ಹೋಗುತ್ತಿದ್ದರು.

ಬೆಳಿಗ್ಗೆ ಬೀಗಿತ್ತಿಯ ಬ್ಯಾಗು ಹೊರಬಾಗಿಲ ಪಕ್ಕದಲ್ಲಿತ್ತು. ಒಲೆ ಇನ್ನೂ ಹಚ್ಚಿರಲಿಲ್ಲ. ಅಳಿಯ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಬೀಗಿತ್ತಿ ಕೋಟು ತೊಟ್ಟು ಮಗುವನ್ನು ಎತ್ತಿಕೊಂಡು, ಅದರ ಕಿವಿಯ ಬಳಿ ಏನೋ ಹೇಳುತ್ತಿದ್ದರು.

ಫೋರ್‌ಮನ್ನರು ಸ್ಕ್ರೂಡ್ರೈವರ್ ಹಿಡಿದುಕೊಂಡು ಬಂದರು. "ಮಗೂನ ಒಳಗೆ ಬಿಟ್ಟು ಬಾರಮ್ಮ," ಎಂದರು ಮಗಳಿಗೆ. "ಅಳಿಯಂದ್ರೇ, ನೀವೂ ಬನ್ನಿ. ಬೀಗಿತ್ತಿಯವರೇ, ಒಂದು ನಿಮಿಷ ನಿಲ್ಲಿ."

"ಏನಪ್ಪ ಇದು, ಹೊರಡೋ ಹೊತ್ತಲ್ಲಿ?" ಎನ್ನುತ್ತಲೇ ಮಗಳು ಅತ್ತೆಯ ಕೈಯಿಂದ ಮಗುವನ್ನು ಎತ್ತಿಕೊಂಡು ಹೋಗಿ ಕೋಣೆಯಲ್ಲಿ ಬಿಟ್ಟು ಬಂದಳು.

ಅವರು ಒಲೆಯ ಬಾಗಿಲನ್ನು ಪೂರ್ತಿ ತೆರೆದು, ಒಳಮೈ ಎಲ್ಲರಿಗೂ ಕಾಣುವಂತೆ ಹಿಡಿದು ಮಂಡಿಯೂರಿದರು. "ಇಲ್ಲಿ ನೋಡಿ. ಇದು ನಾನು ಬೆರಳಲ್ಲಿ ಬಿಗಿದಿರೋದು. ಅಂಗಡಿಯವನು ಮೊದಲ ಸಲವೂ ಹೀಗೇ ಮಾಡಿ ಅಂದಿದ್ದ, ಅಳಿಯಂದ್ರೇ ನೀವೂ ಕೇಳಿಸ್ಕೊಂಡಿದ್ದೀರಿ. ನಾನು ಏನು ಮಾಡ್ದೆ ಅಂತ ನಿನ್ನೆ ಹೇಳಿದ್ರೆ ನೀವು ನಂಬ್ಲಿಲ್ಲ." ಎಡಗಡೆ ಕೆಳಗಿನ ಮೂಲೆಯ ಸ್ಕ್ರೂವಿಗೆ ಸ್ಕ್ರೂಡ್ರೈವರ್ ಇಟ್ಟರು. "ಬಾಗಿಲು ಯಾರೂ ಬಡೀತಿಲ್ಲ. ಒಲೇಲಿ ಬೆಂಕಿ ಇಲ್ಲ. ಬರೀ ಕಿವಿ ಕೊಟ್ಟು ಕೇಳಿ."

"ಮಾವ, ಬೇಡ! ಹೊಸ ಗಾಜು!" ಎಂದು ಅಳಿಯ ಒಂದೇ ಬೂಟಿನಲ್ಲಿ ಓಡಿಬಂದ.

"ಇನ್ನೊಂದು ಸುತ್ತು," ಎಂದರು ಫೋರ್‌ಮನ್ನರು. ಉಸಿರು ಹಿಡಿದು ತಿರುಗಿಸಿದರು.

ಟಿಕ್.

ಈ ಸಲ ಕ್ಲಿಪ್ಪಿನ ಅಡಿಯಿಂದ ಕೂದಲೆಳೆಯಂಥ ಒಂದು ಗೆರೆ ಹೊರಗೆ ಬಂದು ನಿಂತಿತು. ಅಳಿಯ ಬಗ್ಗಿ ಅದನ್ನು ನೋಡಿದ, ಬೆರಳಿಟ್ಟು ಮುಟ್ಟಿದ. ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಅವಳು ಹುಟ್ಟಿದಾಗಿನಿಂದ ಅವರನ್ನು ನೋಡುತ್ತಿದ್ದ ನೋಟ ಅದಾಗಿರಲಿಲ್ಲ. ಆ ಹಳೆಯ ನೋಟ ಇನ್ನು ಬರುವುದಿಲ್ಲ ಎಂದು ಫೋರ್‌ಮನ್ನರಿಗೆ ತಿಳಿಯಿತು. ಅದಕ್ಕೇ ಅಲ್ಲವೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು?

ಹಿಂದಿನಿಂದ ಬೀಗಿತ್ತಿಯ ದನಿ ಕೇಳಿತು. ಮೆಲ್ಲಗೆ, ಹವೆಯ ವಿಷಯ ಮಾತಾಡಿದ ಹಾಗೆ.

"ಅವತ್ತೂ ಇದೇ ಸದ್ದು."

ಫೋರ್‌ಮನ್ನರು ತಿರುಗಲಿಲ್ಲ. ತಿರುಗಲು ಅವರಿಂದಾಗಲಿಲ್ಲ. ಕೇಳಿದವಳು ಮಗಳು. "ಅತ್ತೆ... ನಿಮಗೆ ಗೊತ್ತಿತ್ತಾ?"

"ಸದ್ದು ಕೇಳಿಸ್ತು. ಗಾಜು ನೋಡಿದ್ರೆ ನೆಟ್ಟಗಿತ್ತು. ಯಾವ್ದಕ್ಕೂ ಇರಲಿ ಅಂತ ಮಗೂನ ಒಳಗೆ ಕಳಿಸಿದೆ."

"ಮತ್ತೆ ನಾನು ಅಷ್ಟೆಲ್ಲ ಅಂದಾಗ ಯಾಕೆ ಬಾಯಿ ಬಿಡ್ಲಿಲ್ಲ ನೀವು?" ಮಗಳ ದನಿ ಒಡೆದಿತ್ತು.

ಬೀಗಿತ್ತಿ ಕೋಟಿನ ಗುಂಡಿಯನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿದರು. "ಅವರು ನಿನ್ನ ತಂದೆ. ನಾಲ್ಕು ದಿನ ಇದ್ದು ಹೋಗೋರು. ಮಗಳ ಮನೇಲಿ, ಅಳಿಯನ ಮುಂದೆ ಅವರ ಮಾನ ಯಾಕೆ ತೆಗೀಬೇಕು? ನಾನಾದ್ರೆ ಇಲ್ಲೇ ಇರೋಳು, ಹೇಗೋ ಸರಿಹೋಗುತ್ತೆ ಅಂದ್ಕೊಂಡೆ." ಬಾಗಿಲ ಪಕ್ಕದ ಬ್ಯಾಗಿನ ಕಡೆ ನೋಡಿದರು. "ಹೋಗೋಳು ನಾನೇ ಆಗ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಳುತ್ತಿದ್ದಳು. ಅಳಿಯ ಹೋಗಿ ಬ್ಯಾಗು ಎತ್ತಿಕೊಂಡ, ಒಂದು ಕಾಲಿನ ಬೂಟಿನಲ್ಲೇ ಕುಂಟುತ್ತ ತಾಯಿಯ ಕೋಣೆಗೆ ಹೋಗಿ ಅದನ್ನು ಮಂಚದ ಕೆಳಗೆ ತಳ್ಳಿದ ಸದ್ದು ಕೇಳಿಸಿತು.

ಫೋರ್‌ಮನ್ನರು ಇನ್ನೂ ಮಂಡಿಯೂರಿಕೊಂಡೇ ಇದ್ದರು. ಏಳಬೇಕಾದರೆ ಎಲ್ಲರ ಮುಖ ನೋಡಬೇಕಾಗುತ್ತದೆ, ಅದಕ್ಕೆ. "ತಪ್ಪಾಯ್ತು ಬೀಗಿತ್ತಿಯವರೇ," ಎಂದರು ತೆರೆದ ಒಲೆಯೊಳಗಿನ ಬೂದಿಗೆ. "ನಿಮ್ಮ ಮುಖ ನೋಡೋ ಯೋಗ್ಯತೆ ನನಗಿಲ್ಲ."

ಬೀಗಿತ್ತಿ ಬಂದು ಪಕ್ಕದಲ್ಲಿ ನಿಂತು ಕೈ ಚಾಚಿದರು. ಎಬ್ಬಿಸಲು ಕೈ ಕೊಡುತ್ತಿದ್ದಾರೆ ಎಂದುಕೊಂಡು ಅವರು ತಮ್ಮ ಕೈ ಎತ್ತಿದರು.

"ಕೈ ಅಲ್ಲ ಬೀಗರೇ. ಅದನ್ನ ಕೊಡಿ ಇಲ್ಲಿ," ಎಂದು ಬೀಗಿತ್ತಿ ಸ್ಕ್ರೂಡ್ರೈವರ್ ಇಸಿದುಕೊಂಡು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. "ಮೂರನೇ ಗಾಜು ಬಂದಾಗ ನಾನೇ ಹಾಕ್ತೀನಿ. ನೀವು ಪಕ್ಕದಲ್ಲಿ ಕೂತು ಮಗೂನ ನೋಡ್ಕೊಳಿ."

ಅವರು ಹೂಂ ಎಂದರು. ಬೀಗಿತ್ತಿ ಕೋಣೆಗೆ ಹೋಗಿ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು, ತಣ್ಣಗಿದ್ದ ಒಲೆಯ ಪಕ್ಕದಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟರು.